ನೆಲಮಂಗಲ ಬಂದರೆ ಹಾಡು ಕೆಡುತ್ತದೆ!

ಪ್ರಶ್ನೆ: ನಮ್ಮ ಹಳೇ ಸ್ಯಾಂಟ್ರೊದಲ್ಲಿ ಬರೀ ರೇಡಿಯೊ ಇದೆ. ಲೈಟರ್ ಸಾಕೆಟ್‌ಗೆ ಎಫ್‌ಎಂ ಟ್ರಾನ್ಸ್‌ಮಿಟರ್ ಸಿಕ್ಕಿಸಿ, 98.3ಕ್ಕೆ ಇಟ್ಟು ಫೋನಿನ ಹಾಡು ಕೇಳುತ್ತೇನೆ. ಹಾಸನದಲ್ಲಿ ಚೆನ್ನಾಗಿ ಬರುತ್ತದೆ. ನೆಲಮಂಗಲ ಹತ್ತಿರ ಬಂದರೆ ಮಧ್ಯೆ ಜಾಹೀರಾತು ನುಗ್ಗುತ್ತದೆ. ಯಾಕೆ?
– ಓದುಗರೊಬ್ಬರು, ಹಾಸನ

ಉತ್ತರ: 98.3 ಬೆಂಗಳೂರಿನಲ್ಲಿ ರೇಡಿಯೊ ಮಿರ್ಚಿಯ ಜಾಗ ಸ್ವಾಮಿ! ನಿಮ್ಮ ಟ್ರಾನ್ಸ್‌ಮಿಟರ್‌ನ ಶಕ್ತಿ ಕಾರಿನೊಳಗೆ ಕೇಳಿಸುವಷ್ಟು ಮಾತ್ರ. ಒಂದೇ ಜಾಗದಲ್ಲಿ ಎರಡು ಸಿಗ್ನಲ್ ಬಂದರೆ ಎಫ್‌ಎಂ ರೇಡಿಯೊ ಜೋರಾಗಿರುವುದನ್ನೇ ಹಿಡಿದುಕೊಳ್ಳುತ್ತದೆ. ಟವರ್ ಮುಂದೆ ನಿಮ್ಮದು ಎಲ್ಲಿ ಉಳಿಯಬೇಕು?

ಮೊದಲು ಟ್ರಾನ್ಸ್‌ಮಿಟರ್ ತೆಗೆದಿಡಿ. ರೇಡಿಯೊವನ್ನು 87.5ರಿಂದ ನಿಧಾನವಾಗಿ ಮೇಲೆ ತಿರುಗಿಸಿ. ಬರೀ 'ಸ್‌ಸ್' ಅನ್ನುವ ಜಾಗ ಹುಡುಕಿ. ಅದರ ಅಕ್ಕಪಕ್ಕವೂ ಖಾಲಿ ಇರಬೇಕು, ಅದು ಮುಖ್ಯ. ಆಮೇಲೆ ಟ್ರಾನ್ಸ್‌ಮಿಟರನ್ನೂ ಅದೇ ನಂಬರಿಗೆ ಇಡಿ. ಬೆಂಗಳೂರಿನಲ್ಲಿ 91ರಿಂದ 95ರವರೆಗೆ ಸಂತೆ, ಆ ಕಡೆ ಹೋಗಲೇಬೇಡಿ. 101.3, 102.9 ಆಕಾಶವಾಣಿಯವು. ನಾನಾದರೆ 88ರ ಆಸುಪಾಸಿನಲ್ಲೇ ಮೊದಲು ಹುಡುಕುತ್ತೇನೆ. ಹಾಸನದಲ್ಲಿ ಖಾಲಿ ಇದ್ದದ್ದು ಬೆಂಗಳೂರಿನಲ್ಲಿ ಖಾಲಿ ಇರಬೇಕಂತಿಲ್ಲ. ಹಾಗಾಗಿ ಎರಡು ಜಾಗ ಗುರುತು ಮಾಡಿಕೊಳ್ಳಿ. ಆದರೆ ಓಡಿಸುತ್ತಾ ಬದಲಿಸಬೇಡಿ, ಪಕ್ಕದವರಿಗೆ ಹೇಳಿ.

ಫೋನಿನ ವಾಲ್ಯೂಮ್ ಮುಕ್ಕಾಲು ಭಾಗಕ್ಕಿಡಿ, ಉಳಿದದ್ದು ರೇಡಿಯೊದಲ್ಲಿ ಏರಿಸಿ. ಫೋನಿನದನ್ನು ಪೂರ್ತಿ ಏರಿಸಿದರೆ ದನಿ ಒಡೆಯುತ್ತದೆ.

ಅಂದ ಹಾಗೆ, ಸ್ಟೀರಿಯೊದ ಮುಂದೆ ಆಕ್ಸ್ ಅಂತ ಸಣ್ಣ ತೂತಿದೆಯಾ ನೋಡಿ. ಇದ್ದರೆ ಇಷ್ಟೆಲ್ಲ ಪಾಡು ಸುಮ್ನೆ. ಫೋನಿನಿಂದ ಅದಕ್ಕೆ ಒಂದು ವೈರ್ ಸಾಕು, ದನಿಯೂ ಇದಕ್ಕಿಂತ ಚೆನ್ನಾಗಿರುತ್ತದೆ.