ಮಲ್ಲಿಗೆ ಮೊಗ್ಗಿಗೂ ಕಪ್ಪು ಔಟ್‌ಲೈನಾ?

ನಮಸ್ಕಾರ. ಗಾಂಧಿ ಬಜಾರಿನ ಹೂವಿನಮ್ಮನ ಪಿಕ್ಸೆಲ್ ಆರ್ಟ್, ಅದೇ ನೀವು ಚೌಕ ಚೌಕ ಚುಕ್ಕಿ ಇಟ್ಟು ಬರೆದ ಚಿತ್ರ, ನೋಡ್ದೆ. ಆಯಮ್ಮ ಮೊಳ ಹಾಕ್ತಿರೋ ಕೈ ಚೆನ್ನಾಗಿ ಬಂದಿದೆ. ಆಯ್ತಾ? ಇನ್ನು ಹೇಳ್ಬೇಕಾದ್ದು. ಹೋದ ಸಲ ಶೇಡಿಂಗು, ಔಟ್‌ಲೈನು ಎರಡೂ ಸರಿಮಾಡಿ ಅಂದಿದ್ದಕ್ಕೆ "ಕಾರ್ಟೂನ್ ಅಲ್ವಾ ಸಾರ್, ನನ್ನ ಸ್ಟೈಲೇ ಅದು" ಅಂತ ಬರೆದು, ಅದೇ ಚಿತ್ರಕ್ಕೆ ಇನ್ನೂ ಎರಡು ಶೇಡ್ ಸೇರಿಸಿ ಕಳಿಸಿದೀರಲ್ಲ, ಅದನ್ನ ನೋಡಿ ತಲೆ ಕೆಟ್ಟೋಯ್ತು, ಅದಕ್ಕೇ ಇಷ್ಟುದ್ದ ಬರೀತಿದೀನಿ.

ಮುಖ ನೋಡಿ. ಬುಟ್ಟಿ ನೆರಳು ಬಲಗಡೆ ಬಿದ್ದಿದೆ, ಅಂದ್ರೆ ಬಿಸಿಲು ಎಡಗಡೆಯಿಂದ. ಆದ್ರೆ ಮುಖದಲ್ಲಿ ಅಂಚಿಗೆಲ್ಲ ಕತ್ತಲು, ನಡುವೆ ಮೂಗಿನ ಮೇಲೆ ಬೆಳಕು. ಮೊಣಕೈನೂ ಹಂಗೇ, ಸೆರಗೂ ಹಂಗೇ. ಪಕ್ಕಾ ಪಿಲ್ಲೋ ಶೇಡಿಂಗು. ಔಟ್‌ಲೈನ್ ಹಿಡ್ಕೊಂಡು ಒಳಗೊಳಗೇ ಸುತ್ತು ಹಾಕ್ತಾ ಬಣ್ಣ ತಿಳಿ ಮಾಡ್ಕೊಂಡು ಹೋದ್ರೆ ಐದು ಶೇಡ್ ಹಾಕಿದ್ರೂ ಬಿಸಿಲು ಬರಲ್ಲ. ಕಾರ್ಟೂನಿಗೆ ಎರಡು ಶೇಡ್ ಸಾಕು: ಎಡಕ್ಕೆ ಬೆಳಕು, ಬಲಕ್ಕೆ ನೆರಳು, ಮಧ್ಯ ಗಟ್ಟಿ ಅಂಚು, ಗಲ್ಲದ ಕೆಳಗೆ ಒಂಚೂರು ನೆರಳು. ನೆರಳಿಗೆ ಅಂತ ಚೆಂಡುಹೂವಿನ ಹಳದಿಗೆ ಕಪ್ಪು ಬೆರೆಸಿದೀರಿ, ಕೊಳೆ ಕಾಣ್ತಿದೆ. ಕೇಸರಿ ಕಡೆ ತಿರುಗಿಸಿ.

ಔಟ್‌ಲೈನ್ ವಿಷಯಕ್ಕೆ ಬಂದ್ರೆ, 48×48 ಚಿತ್ರದಲ್ಲಿ ಮೊಗ್ಗು ಎರಡೇ ಪಿಕ್ಸೆಲ್ಲು, ಅದರ ಸುತ್ತ ಕಪ್ಪು ಆರು! ಜೂಮ್ ಮಾಡದೆ ನೋಡಿ, ಸಾಸಿವೆ ಚೆಲ್ಲಿದಂಗಿದೆ. ಹೊರಗಿನ ಗೆರೆ ಇರ್ಲಿ, ಒಳಗಿನದಕ್ಕೆ ಆಯಾ ಬಣ್ಣದ್ದೇ ಕಡು ಶೇಡ್ ಹಾಕಿ, ಮೊಗ್ಗಿಗಂತೂ ಗೆರೆನೇ ಬೇಡ. ಬೆನ್ನಿನ ಗೆರೆ ಮೆಟ್ಲಿಗೆ ಇಷ್ಟು ಪಿಕ್ಸೆಲ್ ಅಂತ ಎಣಿಸಿದ್ರೆ 4, 1, 3, 1, 2 ಅಂತ ಹತ್ತಿ ಇಳೀತಿದೆ, 4, 3, 2, 1 ಮಾಡಿ, ತಾನಾಗೇ ಬಾಗುತ್ತೆ.

ನಾನು ಕಲಿತಿದ್ದು ಕೋರಮಂಗಲದ ಒಂದು ಪುಟ್ಟ ಮೊಬೈಲ್ ಗೇಮ್ ಆಫೀಸಲ್ಲಿ, ಬಟನ್ ಫೋನಿನ ಜಾವಾ ಗೇಮ್‌ಗಳ ಕಾಲ. ನೋಕಿಯಾ ಸೀರೀಸ್ 40 ಫೋನು, 128×128 ಸ್ಕ್ರೀನು, ಎಷ್ಟೋ ಫೋನಲ್ಲಿ ಇಡೀ ಗೇಮು 64 ಕೆಬಿ ಒಳಗೇ ಕೂರ್ಬೇಕು. ಒಂದೊಂದು ಬಣ್ಣಕ್ಕೂ ಲೆಕ್ಕ ಕೊಡ್ಬೇಕಿತ್ತು. ನಮ್ಮ ಸೀನಿಯರ್ ಒಬ್ರು ಕಪ್ಪೇ ಕಿತ್ತಾಕಿ ಒಂದು ಕಡು ಕಂದು ಕೊಡೋರು, ಕೂದಲಿಗೂ ಅದೇ, ಚರ್ಮದ ನೆರಳಿಗೂ ಅದೇ, ಔಟ್‌ಲೈನಿಗೂ ಅದೇ. ಮಾನಿಟರಲ್ಲಿ ನೋಡಿ ಓಕೆ ಅಂದೋರೇ ಅಲ್ಲ, ಫೋನಿಗೆ ಹಾಕ್ಸಿ ರಸ್ತೆ ಬಿಸಿಲಲ್ಲಿ ನಿಂತು "ಕೈ ಎಲ್ರೀ ಇದೆ ಇದ್ರಲ್ಲಿ?" ಅನ್ನೋರು. ಮೈಯೆಲ್ಲ ಉರಿಯೋದು. ಬೈಟು ಕಾಫಿ ಕುಡಿದು, ಅವರನ್ನ ಬೈಕೊಂಡೇ ಬಂದು ಮತ್ತೆ ಕೂರ್ತಿದ್ವಿ.

ಬ್ಯಾಕ್‌ಗ್ರೌಂಡ್ ಬಗ್ಗೆ ಈಗ ಮಾತಾಡಲ್ಲ. ತಿದ್ದಿ ಒರಿಜಿನಲ್ ಸೈಜಲ್ಲಿ ಪಿಎನ್‌ಜಿ ಕಳಿಸಿ. ಈ ಸಲದ್ದು ಜೆಪೆಗ್, ಅದು ಫೈಲ್ ಕುಗ್ಗಿಸೋವಾಗ ನೀವು ಹಾಕದ ಬಣ್ಣನೂ ಅಂಚಿಗೆಲ್ಲ ಮೆತ್ಕೊಂಡಿದೆ, ಅದಕ್ಕೆ ಮಾತ್ರ ನಿಮ್ಮನ್ನ ಬೈದಿಲ್ಲ.