ತೋಟ ಹಂಚೋ ದಿನವೇ ಸಾಲಾನೂ ಹಂಚ್ಕೊಳ್ಳಿ

ತಮ್ಮಾ, ನಿನ್ನ ಮೆಸೇಜ್ ಓದಿದೆ. ನಿಮ್ಮಪ್ಪ ಹೋಗಿ ಇನ್ನೂ ಮಾಸಿಕ ನಡೀತಿದೆ, ನೀನು ಮ್ಯೂನಿಕ್‌ಗೆ ಬಂದಿದ್ದೂ ಮೊನ್ನೆ ಮೊನ್ನೆ, ಅಷ್ಟರಲ್ಲಿ ಆಫೀಸಲ್ಲಿ ಯಾರೋ ಆರು ವಾರದೊಳಗೆ ಆಸ್ತಿ ಬೇಡ ಅಂತ ಬರ್ಕೊಡದಿದ್ರೆ ಅಪ್ಪನ ಸಾಲ ಎಲ್ಲ ನಿನ್ನ ತಲೆಗೇ ಅಂದ್ರು ಅಂತ ಹೆದರ್ಕೊಂಡಿದ್ದೀಯ. ಮನೆ, ಚಳಿ, ಊಟ ಅಂತಾನೂ ಕೇಳಿದ್ದೀಯ. ಅದೆಲ್ಲ ಅಭ್ಯಾಸ ಆಗುತ್ತೆ ಮಾರಾಯ, ವಿಳಾಸ ನೋಂದಣಿ, ಆರೋಗ್ಯ ವಿಮೆ ಎರಡು ಸರಿ ಇಟ್ಕೊ ಸಾಕು.

ಆರು ವಾರದ ಮಾತು ಸುಳ್ಳಲ್ಲ, ಜರ್ಮನ್ ಕಾನೂನಲ್ಲಿ ಇದೆ. ಆದ್ರೆ 2015ರ ಆಗಸ್ಟ್ 17ರಿಂದ ಈಚೆಗೆ ಯುರೋಪಿಯನ್ ಒಕ್ಕೂಟದ ನಿಯಮದ ಪ್ರಕಾರ, ತೀರಿಕೊಂಡವರು ಕೊನೆಗೆ ಎಲ್ಲಿ ನೆಲೆಸಿದ್ರೋ ಸಾಮಾನ್ಯವಾಗಿ ಅಲ್ಲಿನ ಕಾನೂನೇ ನಡೆಯೋದು. ನಿಮ್ಮಪ್ಪ ಹೊಸನಗರ ಬಿಟ್ಟು ಹೋದವರಲ್ಲ. ನಮ್ಮಲ್ಲಿ ಅಪ್ಪನ ಸಾಲ ಅಪ್ಪ ಬಿಟ್ಟುಹೋದ ಆಸ್ತಿ ಎಷ್ಟಿದೆಯೋ ಅಷ್ಟಕ್ಕೆ ಮಾತ್ರ, ನೀನೇ ಜಾಮೀನು ಹಾಕಿಲ್ಲ ಅಂದ್ರೆ ನಿನ್ನ ಸಂಬಳಕ್ಕೆ ಕೈ ಹಾಕೋ ಹಾಗಿಲ್ಲ. ಊರಿನ ಆಸ್ತೀಲಿ ನಿಂಗೆ ಪಾಲಿದೆ ಅಂತ ಗೊತ್ತಾದ ಮೂರು ತಿಂಗಳೊಳಗೆ ಜರ್ಮನಿಯ ತೆರಿಗೆ ಕಚೇರಿಗೆ ತಿಳಿಸ್ಬೇಕು, ಅದೊಂದು ಮರೀಬೇಡ. ಮಕ್ಕಳಿಗೆ 4,00,000 ಯೂರೋ ತನಕ ತೆರಿಗೆ ಇಲ್ಲ.

ನಾನು ತೀರ್ಥಹಳ್ಳಿ ಕಡೆಯವಳು. ಜರ್ಮನಿಗೆ ಬಂದ ಹೊಸತರಲ್ಲಿ ಕಾಲಿಂಗ್ ಕಾರ್ಡ್ ತಗೊಂಡು ಊರಿಗೆ ಫೋನ್ ಮಾಡ್ತಿದ್ದೆ, ಮಳೆಗಾಲ ಹಿಡಿದ್ರೆ ಮರ ಬಿದ್ದು ಲೈನೇ ಇರ್ತಿರ್ಲಿಲ್ಲ, ಅಪ್ಪ ಹೋದ ಸುದ್ದಿನೂ ಪೇಟೆಯಿಂದ ಯಾರೋ ಫೋನ್ ಮಾಡಿ ಹೇಳಿದ್ದು. ನಾನು ತಲುಪಿದ್ದು ವೈಕುಂಠ ಸಮಾರಾಧನೆ ದಿನ. ಮಾರನೇ ದಿನ ಹಿರಿಯರು ಜಗಲಿ ಮೇಲೆ ಕೂತು ಮೇಲಿನ ತೋಟ ದೊಡ್ಡಣ್ಣಂಗೆ, ಹೊಳೆ ಬದಿದು ಸಣ್ಣಣ್ಣಂಗೆ ಅಂತ ಬಾಯಿಮಾತಲ್ಲೇ ಪಾಲು ಹೇಳಿದ್ರು. ಅಮ್ಮನ್ನ ಕೇಳ್ಲಿಲ್ಲ, ನನ್ನೂ ಕೇಳ್ಲಿಲ್ಲ. ಸೊಸೈಟಿ ಬೆಳೆಸಾಲ, ಅಡಿಕೆ ಮಂಡಿಯಿಂದ ತಂದ ಮುಂಗಡ, ನನ್ನ ಮದುವೆಗೆ ಮಾಡಿದ ಕೈಗಡ, ಇದರ ಸುದ್ದಿ ಯಾರೂ ಎತ್ಲಿಲ್ಲ. ಆ ಕೈಗಡ ಗೊತ್ತಾದ ಕೂಡ್ಲೇ ನಾನೇ ತೀರಿಸಿದೆ, ಅದೊಂದು ಸಮಾಧಾನ ನಂಗೆ.

ನೋಟಿಸ್ ಬಂದಿದ್ದೆಲ್ಲ ಊರಲ್ಲಿದ್ದ ದೊಡ್ಡಣ್ಣಂಗೆ. ಅಡಿಕೆಗೆ ಕೊಳೆ ರೋಗ ಬಂದು ಫಸಲು ಉದುರಿದ ವರ್ಷ ಅತ್ತಿಗೆ ಬಂಗಾರ ಅಡವಿಟ್ಟು ಕಂತು ಕಟ್ಟಿದ. ಬೆಂಗಳೂರಲ್ಲಿದ್ದ ಸಣ್ಣಣ್ಣಂಗೆ ತನ್ನ ಪಾಲು ಖಾತೆ ಆಗ್ಲಿಲ್ಲ ಅಂತ ಸಿಟ್ಟು, ಪಹಣಿಯಲ್ಲಿ ಜಮೀನಿನ ಮೇಲಿನ ಸಾಲ ಬರೆಯೋ 11ನೇ ಕಾಲಂನಲ್ಲಿ ಅಪ್ಪನ ಸಾಲ ಹಾಗೇ ಕೂತಿತ್ತು, ಪಾಲಿಗೆ ಕಾಗದಾನೂ ಇರ್ಲಿಲ್ಲ. ಇಬ್ರೂ ಕೆಟ್ಟವರಲ್ಲ. ಈಗ ಅಪ್ಪನ ತಿಥಿ ಎರಡು ಮನೇಲಿ ಬೇರೆ ಬೇರೆ ಆಗುತ್ತೆ, ಈ ಸಲ ಯಾರ ಮನೇಲಿ ಇರ್ಲಿ ಅಂತ ಅಮ್ಮ ನಂಗೆ ಫೋನ್ ಮಾಡಿ ಕೇಳ್ತಾಳೆ, ನಾನೇನು ಹೇಳ್ಲಿ.

ಹಾಗಾಗಿ ಪಾಲಿನ ಮಾತಿಗೆ ಕೂರೋ ಮೊದ್ಲು ಪಹಣಿ, ಇಸಿ (ಋಣಭಾರ ಪ್ರಮಾಣಪತ್ರ) ತೆಗೆಸು, ಸೊಸೈಟಿ ಬಾಕಿ, ಮಂಡಿ ಲೆಕ್ಕ ಬರೆಸ್ಕೊ. ಕೈಗಡಕ್ಕೆ ಬರವಣಿಗೆ ಇಲ್ಲ ಅಂತ ತಳ್ಳಿ ಹಾಕ್ಬೇಡ, ಅಮ್ಮನ್ನ ಕೂರಿಸ್ಕೊಂಡು ಕೇಳು, ಅವರಿಗೆ ಎಲ್ಲ ಗೊತ್ತಿರುತ್ತೆ. ಮರಣ ಪ್ರಮಾಣಪತ್ರ, ವಂಶವೃಕ್ಷ ಕೊಟ್ಟು ಪೌತಿ ಖಾತೆ, ಅಂದ್ರೆ ತೀರಿಕೊಂಡವರ ಖಾತೆ ವಾರಸುದಾರರಿಗೆ ಬದಲಾಯಿಸೋದು, ಎಲ್ಲರ ಹೆಸರಿಗೂ ಜಂಟಿಯಾಗಿ ಮಾಡ್ಸಿ, ಆಮೇಲೆ ಯಾವ ಸಾಲ ಯಾರು ತೀರಿಸ್ಬೇಕು ಅಂತಾನೂ ಬರೆದು ವಿಭಾಗ ಪತ್ರ ರಿಜಿಸ್ಟರ್ ಮಾಡ್ಸಿ. ನಿಮ್ಮಕ್ಕಂಗೆ ಸೀರೆ ಕುಂಕುಮ ಕೊಟ್ಟು ಹಕ್ಕು ಬಿಡುಗಡೆ ಪತ್ರಕ್ಕೆ ಸಹಿ ಹಾಕಿಸೋಣ ಅಂತ ಚಿಕ್ಕಪ್ಪ ಹೇಳ್ತಿದ್ದಾರೆ ಅಂದ್ಯಲ್ಲ, ದಯವಿಟ್ಟು ಬೇಡ. ಪಿತ್ರಾರ್ಜಿತದಲ್ಲಿ ಅವಳಿಗೂ ನಿಮ್ಮಷ್ಟೇ ಹಕ್ಕು, 2020ರಲ್ಲಿ ವಿನೀತಾ ಶರ್ಮಾ ಕೇಸಲ್ಲಿ ಸುಪ್ರೀಂ ಕೋರ್ಟ್ ಖಡಾಖಂಡಿತ ಹೇಳಿದೆ.

ಎಲ್ಲ ವ್ಯವಹಾರಕ್ಕೂ ಅಧಿಕಾರ ಕೊಡೋ ಜನರಲ್ ಪವರ್ ಆಫ್ ಅಟಾರ್ನಿ ಕಳಿಸು ಅಂತಾರೆ, ಕಳಿಸ್ಬೇಡ. ತೀರಾ ಆಗ್ದಿದ್ರೆ ಇಂಥ ಸರ್ವೆ ನಂಬರು, ಇಂಥ ಕೆಲಸ ಅಂತ ಬರೆದು ಕಾನ್ಸುಲೇಟಲ್ಲಿ ದೃಢೀಕರಿಸಿ ಕಳಿಸು, ಊರು ತಲುಪಿದ ಮೂರು ತಿಂಗಳೊಳಗೆ ಅದಕ್ಕೆ ಮುದ್ರಾಂಕ ಶುಲ್ಕ ಕಟ್ಟಿಸ್ಬೇಕು. ನೀನೇ ಹೋದ್ರೆ ಒಳ್ಳೇದು. ಮನೇಲಿರೋ ನಿನ್ನ ತಮ್ಮ ಅಪ್ಪನ್ನ ಮಣಿಪಾಲದ ಆಸ್ಪತ್ರೆಗೆ ಕರ್ಕೊಂಡು ಓಡಾಡಿದ ಖರ್ಚೂ ಸಾಲದ ಪಟ್ಟಿಗೆ ಸೇರಿಸು, ಅವನಾಗಿ ಬಾಯಿಬಿಟ್ಟು ಕೇಳಲ್ಲ. ಕೊನೆಕೊಯ್ಲು ಶುರುವಾಗೋ ಮೊದ್ಲೇ ರಜೆ ಹಾಕು, ಆಮೇಲೆ ಕೂತು ಮಾತಾಡೋಕೆ ಅಲ್ಲಿ ಯಾರಿಗೂ ಪುರುಸೊತ್ತಿರಲ್ಲ.