ಕಿಲೋಮೀಟರ್ ಕಡಿಮೆ, ಸ್ಟಾರ್ಟ್ ಹೆಚ್ಚು: ಸಿಂಥೆಟಿಕ್ ಆಯಿಲ್ ಬದಲಿಸುವುದು ಯಾವಾಗ?

ಪ್ರಶ್ನೆ: ನನ್ನದು ಐದು ವರ್ಷ ಹಳೆಯ ಪೆಟ್ರೋಲ್ ಕಾರು. ಮನೆಯಿಂದ ಕಚೇರಿಗೆ ನಾಲ್ಕು ಕಿಲೋಮೀಟರ್. ಬೆಳಿಗ್ಗೆ ಹೋಗಿ ಸಂಜೆ ಬರುತ್ತೇನೆ, ನಡುವೆ ಮಗಳನ್ನು ಶಾಲೆಯಿಂದ ಕರೆತರುವುದಿದೆ. ಅದು ಬಿಟ್ಟರೆ ಕಾರು ನಿಂತೇ ಇರುತ್ತದೆ. ವರ್ಷಕ್ಕೆ 4,000 ಕಿ.ಮೀ. ಆದರೆ ಹೆಚ್ಚು. ಪೂರ್ಣ ಸಿಂಥೆಟಿಕ್ ಆಯಿಲ್ ಹಾಕಿಸುತ್ತೇನೆ, ಅದರ ಡಬ್ಬಿಯ ಮೇಲೆ 15,000 ಕಿ.ಮೀ. ಬಾಳಿಕೆ ಎಂದು ಬರೆದಿದೆ. ಆ ಲೆಕ್ಕದಲ್ಲಿ ನನಗೆ ಮೂರು ಮುಕ್ಕಾಲು ವರ್ಷ ಬರಬೇಕು. ಆದರೆ ನಮ್ಮ ಮೆಕ್ಯಾನಿಕ್ ಆರು ತಿಂಗಳಿಗೊಮ್ಮೆ ಬದಲಿಸಿ ಎನ್ನುತ್ತಾರೆ. ಇದು ಕಾಳಜಿಯೋ, ವ್ಯಾಪಾರವೋ?

ಉತ್ತರ: ವ್ಯಾಪಾರವೂ ಸ್ವಲ್ಪ ಇದ್ದೀತು, ಆದರೆ ಮಾತು ಮಾತ್ರ ನಿಜಕ್ಕೆ ಹತ್ತಿರವಾಗಿದೆ. ಡಬ್ಬಿಯ ಮೇಲಿನ ಸಂಖ್ಯೆ ಸುಳ್ಳಲ್ಲ. ಒಮ್ಮೆ ಬಿಸಿಯಾದ ಮೇಲೆ ಬಹಳ ಹೊತ್ತು ಒಂದೇ ಹದದಲ್ಲಿ ಓಡುವ ಎಂಜಿನ್ನನ್ನು ಮನಸ್ಸಿನಲ್ಲಿಟ್ಟುಕೊಂಡು ಬರೆದ ಸಂಖ್ಯೆ ಅದು, ಅಷ್ಟೇ. ನಿಮ್ಮ ಕಾರಿನ ಆಯಿಲ್ಲಿನ ವಯಸ್ಸನ್ನು ಓಡೋಮೀಟರಿನಲ್ಲಿ ಹುಡುಕುವ ಬದಲು ಸ್ಟಾರ್ಟ್‌ಗಳಲ್ಲಿ ಎಣಿಸಿ ನೋಡಿ. ಒಂದು ಓಡಾಟಕ್ಕೆ 4 ಕಿ.ಮೀ. ಎಂದರೆ ವರ್ಷಕ್ಕೆ 1,000 ಬಾರಿ ಎಂಜಿನ್ ಸ್ಟಾರ್ಟ್ ಆಗುತ್ತದೆ, ಅವುಗಳಲ್ಲಿ ಬಹುಪಾಲು ತಣ್ಣಗಿನ ಸ್ಟಾರ್ಟ್‌ಗಳು. ಒಂದೊಂದು ಓಟಕ್ಕೆ 50 ಕಿ.ಮೀ. ಹೋಗುವವರೊಬ್ಬರು 15,000 ಕಿ.ಮೀ. ಮುಗಿಸುವಾಗ ಅವರ ಎಂಜಿನ್ ಸ್ಟಾರ್ಟ್ ಆಗಿರುವುದು 300 ಬಾರಿ. ನೀವು ಹೇಳುವ ಮೂರು ಮುಕ್ಕಾಲು ವರ್ಷದಲ್ಲಿ ನಿಮ್ಮದು 3,750 ಬಾರಿ ಆಗಿರುತ್ತದೆ. ಕಿಲೋಮೀಟರ್ ಒಂದೇ ಆದರೂ ಎರಡು ಆಯಿಲ್‌ಗಳು ಕಂಡ ಬದುಕು ಬೇರೆ ಬೇರೆ.

ತಣ್ಣಗಿನ ಸ್ಟಾರ್ಟ್ ಏಕೆ ಇಷ್ಟು ಮುಖ್ಯವೆಂದರೆ, ಆಗ ಆಯಿಲ್ ಒಳಗೆ ಎರಡು ಬೇಡದ ವಸ್ತುಗಳು ಸೇರುತ್ತವೆ. ಮೊದಲನೆಯದು ನೀರು. ಒಂದು ಲೀಟರ್ ಪೆಟ್ರೋಲ್ ಉರಿದರೆ ಹೆಚ್ಚುಕಡಿಮೆ ಒಂದು ಲೀಟರಿನಷ್ಟೇ ನೀರು ಹುಟ್ಟುತ್ತದೆ ಎಂದರೆ ಹಲವರಿಗೆ ನಂಬಿಕೆಯೇ ಬರುವುದಿಲ್ಲ. ಪೆಟ್ರೋಲಿನಲ್ಲಿರುವ ಹೈಡ್ರೋಜನ್ ಗಾಳಿಯ ಆಮ್ಲಜನಕದೊಂದಿಗೆ ಸೇರಿ ಆಗುವ ನೀರು ಅದು. ಬಹುಪಾಲು ಆವಿಯಾಗಿ ಸೈಲೆನ್ಸರಿನಿಂದ ಹೊರಹೋಗುತ್ತದೆ, ಆದರೆ ಸ್ವಲ್ಪ ಆವಿ ಪಿಸ್ಟನ್ ರಿಂಗುಗಳ ಪಕ್ಕದಿಂದ ನುಸುಳಿ ಎಂಜಿನ್ನಿನ ಕೆಳಭಾಗವಾದ ಕ್ರ್ಯಾಂಕ್‌ಕೇಸಿಗೆ ಇಳಿಯುತ್ತದೆ. ಎಂಜಿನ್ ಬಿಸಿಯಾಗಿದ್ದರೆ ಆ ಆವಿಯನ್ನು ವಾತಾಯನದ ಕೊಳವೆ ಹೀರಿಕೊಂಡು ಮತ್ತೆ ಉರಿಯಲು ಕಳಿಸುತ್ತದೆ. ಲೋಹ ತಣ್ಣಗಿದ್ದರೆ ಅಲ್ಲೇ ಹನಿಗಟ್ಟಿ ಆಯಿಲ್‌ಗೆ ಬೆರೆಯುತ್ತದೆ.

ಎರಡನೆಯದು ಪೆಟ್ರೋಲ್. ತಣ್ಣಗಿರುವ ಎಂಜಿನ್ ಸರಿಯಾಗಿ ಓಡಬೇಕೆಂದು ಕಾರಿನ ಕಂಪ್ಯೂಟರ್ ಮೊದಲ ಕೆಲವು ನಿಮಿಷ ಅಗತ್ಯಕ್ಕಿಂತ ಹೆಚ್ಚು ಪೆಟ್ರೋಲ್ ಚಿಮುಕಿಸುತ್ತದೆ. ಆವಿಯಾಗದೆ ಉಳಿದ ಪೆಟ್ರೋಲ್ ಸಿಲಿಂಡರಿನ ಗೋಡೆಗೆ ಅಂಟುತ್ತದೆ, ರಿಂಗುಗಳು ಅದನ್ನು ಕೆರೆದು ಸಂಪ್‌ಗೆ, ಅಂದರೆ ಎಂಜಿನ್ನಿನ ತಳದಲ್ಲಿ ಆಯಿಲ್ ನಿಲ್ಲುವ ತೊಟ್ಟಿಗೆ, ಇಳಿಸುತ್ತವೆ. ನೇರವಾಗಿ ಸಿಲಿಂಡರಿನೊಳಕ್ಕೇ ಇಂಧನ ಚಿಮ್ಮಿಸುವ ಡೈರೆಕ್ಟ್ ಇಂಜೆಕ್ಷನ್ ಎಂಜಿನ್ನುಗಳಲ್ಲಿ ಈ ಕಾಟ ಇನ್ನೂ ಹೆಚ್ಚು. ಪೆಟ್ರೋಲ್ ಬೆರೆತ ಆಯಿಲ್ ತೆಳುವಾಗುತ್ತದೆ. ಬೇರಿಂಗು, ಕ್ಯಾಮುಗಳಂಥ ಉಜ್ಜಿಕೊಳ್ಳುವ ಭಾಗಗಳ ಮೇಲೆ ಅದು ಕಟ್ಟಬೇಕಾದ ಪದರವೂ ಅಷ್ಟೇ ತೆಳುವಾಗುತ್ತದೆ.

ಈ ಎರಡನ್ನೂ ಓಡಿಸಬಲ್ಲದ್ದು ಶಾಖವೊಂದೇ. ಆಯಿಲ್ ಸುಮಾರು 90–100 ಡಿಗ್ರಿ ಮುಟ್ಟಿ ಸ್ವಲ್ಪ ಹೊತ್ತು ಅಲ್ಲಿಯೇ ನಿಲ್ಲಬೇಕು. ಡ್ಯಾಶ್‌ಬೋರ್ಡಿನಲ್ಲಿ ಮುಳ್ಳು ನಡುವಿಗೆ ಬಂದ ಕೂಡಲೇ ಎಂಜಿನ್ ಬಿಸಿಯಾಯಿತೆಂದು ನಾವು ಸಮಾಧಾನ ಪಡುತ್ತೇವೆ, ಆದರೆ ಆ ಮುಳ್ಳು ತೋರಿಸುವುದು ಎಂಜಿನ್ನನ್ನು ತಂಪಾಗಿಡುವ ದ್ರವದ, ಅಂದರೆ ಕೂಲೆಂಟಿನ, ಬಿಸಿಯನ್ನು. ಆಯಿಲ್ ಅದಕ್ಕಿಂತ ಬಹಳ ಹಿಂದೆ ಉಳಿದಿರುತ್ತದೆ. ಪೂರ್ತಿ ಬಿಸಿಯಾಗಲು ಅದಕ್ಕೆ ಸಾಮಾನ್ಯವಾಗಿ 15–20 ನಿಮಿಷದ ಓಟ ಬೇಕು, ಚಳಿಯಿದ್ದರೆ ಇನ್ನೂ ಹೆಚ್ಚು. ನಾಲ್ಕು ಕಿಲೋಮೀಟರಿನಲ್ಲಿ ನೀವು ಕಾರು ನಿಲ್ಲಿಸುವ ಹೊತ್ತಿಗೆ ಅದು ಉಗುರುಬೆಚ್ಚಗಿನ ಹಂತವನ್ನಷ್ಟೇ ದಾಟಿರುತ್ತದೆ. ಸಂಜೆಯ ಓಟದಲ್ಲಿ ಮತ್ತಷ್ಟು ನೀರು, ಮತ್ತಷ್ಟು ಪೆಟ್ರೋಲ್.

ಇಲ್ಲಿಗೆ ನಿಮ್ಮ ಪ್ರಶ್ನೆಯ ತಿರುಳಿಗೆ ಬಂದೆವು: ಸಿಂಥೆಟಿಕ್ ಆದರೆ ತಡೆದುಕೊಳ್ಳುವುದಿಲ್ಲವೇ? ಸಿಂಥೆಟಿಕ್ ಆಯಿಲ್ ಹಲವು ವಿಷಯಗಳಲ್ಲಿ ನಿಜವಾಗಿ ಮೇಲು. ಅತಿ ಶಾಖದಲ್ಲಿ ಅದು ಬೇಗ ಕೆಡುವುದಿಲ್ಲ, ಅಷ್ಟಾಗಿ ಆವಿಯಾಗಿ ಕರಗುವುದಿಲ್ಲ, ಚಳಿಯ ಬೆಳಗಿನಲ್ಲಿಯೂ ಪಂಪಿನಿಂದ ಮೇಲಕ್ಕೆ ಬೇಗ ಹರಿಯುತ್ತದೆ. ಕೊನೆಯ ಗುಣ ನಿಮಗೆ ದಿನವೂ ಉಪಕಾರಕ್ಕೆ ಬರುತ್ತಿದೆ, ಆದ್ದರಿಂದ ಸಿಂಥೆಟಿಕ್ ಹಾಕಿಸುವುದನ್ನು ಬಿಡಬೇಡಿ. ಆದರೆ ಅದರ ದೀರ್ಘ ಬಾಳಿಕೆಯ ಗುಟ್ಟು ಶಾಖವನ್ನು ಸಹಿಸುವುದರಲ್ಲಿದೆ. ನಿಮ್ಮ ಎಂಜಿನ್ನಿನ ತೊಂದರೆ ಶಾಖ ಸಾಲದಿರುವುದು. ಒಳಗೆ ಸೇರುವ ನೀರಿಗೂ ಪೆಟ್ರೋಲಿಗೂ ಸಂಪಿನಲ್ಲಿರುವುದು ಸಿಂಥೆಟಿಕ್ಕೋ ಸಾಮಾನ್ಯ ಮಿನರಲ್ ಆಯಿಲ್ಲೋ ಎಂಬ ಭೇದವಿಲ್ಲ. ಆಯಿಲ್‌ನಲ್ಲಿ ಬೆರೆಸಿರುವ ಕ್ಷಾರೀಯ ರಾಸಾಯನಿಕಗಳು, ಆ ನೀರು ಮತ್ತು ಉರಿದ ಅನಿಲಗಳು ಸೇರಿ ಹುಟ್ಟುವ ಆಮ್ಲವನ್ನು ಶಮನಗೊಳಿಸುತ್ತಾ ತಾವೇ ಖರ್ಚಾಗುತ್ತವೆ. ಅವು ಮುಗಿದ ಮೇಲೆ ಮೂಲ ಎಣ್ಣೆ ಎಷ್ಟೇ ಶ್ರೇಷ್ಠವಾಗಿದ್ದರೂ ಲೋಹವನ್ನು ಕಾಯುವವರಿಲ್ಲ.

ಈಗ ಅವಧಿಯ ಮಾತು. ಕಾರಿನ ಜೊತೆ ಬಂದ ಕೈಪಿಡಿಯನ್ನು ತೆಗೆದು ಸರ್ವಿಸ್ ಕೋಷ್ಟಕವನ್ನು ನೋಡಿ. ಹೆಚ್ಚಿನ ಕೈಪಿಡಿಗಳಲ್ಲಿ ಎರಡು ಕೋಷ್ಟಕಗಳಿರುತ್ತವೆ, ಒಂದು ಸಾಮಾನ್ಯ ಬಳಕೆಗೆ, ಇನ್ನೊಂದು ಕಠಿಣ ಬಳಕೆಗೆ. ಕಠಿಣ ಎಂದೊಡನೆ ಭಾರ ಎಳೆಯುವುದು, ಧೂಳಿನ ದಾರಿ, ಬೆಟ್ಟದ ಏರು ಎಂದು ಓದಿಕೊಂಡು ನಾವು ಪುಟ ತಿರುಗಿಸಿಬಿಡುತ್ತೇವೆ. ಅದೇ ಪಟ್ಟಿಯಲ್ಲಿ ಪದೇ ಪದೇ ಮಾಡುವ ಚಿಕ್ಕ ಓಡಾಟವೂ ಇರುತ್ತದೆ. ಎಷ್ಟೋ ಕೈಪಿಡಿಗಳು ಇದಕ್ಕೆ ಕೊಡುವ ಅಳತೆ 8 ಕಿ.ಮೀ.ಗಿಂತ ಕಡಿಮೆ, ಹೆಪ್ಪುಗಟ್ಟುವ ಚಳಿಯಲ್ಲಾದರೆ 16 ಕಿ.ಮೀ.ಗಿಂತ ಕಡಿಮೆ. ಮೆಲ್ಲಗೆ, ಜೋಪಾನವಾಗಿ, ಸ್ವಲ್ಪವೇ ಓಡಿಸುವ ನೀವು ಕಾರಿನ ಕಣ್ಣಲ್ಲಿ ಕಠಿಣ ಚಾಲಕರು! ಆ ಕೋಷ್ಟಕದ ಅವಧಿ ಸಾಮಾನ್ಯವಾಗಿ ಮೊದಲನೆಯದರ ಅರ್ಧದಷ್ಟಿರುತ್ತದೆ. ನಿಮ್ಮ ಕೈಪಿಡಿಯಲ್ಲಿ ಅಂಥ ಕೋಷ್ಟಕವಿದ್ದರೆ ಅದನ್ನೇ ಅನುಸರಿಸಿ. ಇಲ್ಲದಿದ್ದರೆ ನನ್ನ ಸಲಹೆ ಹೀಗಿದೆ: ಕಾರು ಎಂದೂ ದೂರ ಹೋಗುವುದೇ ಇಲ್ಲವಾದರೆ ಆರು ತಿಂಗಳಿಗೊಮ್ಮೆ, ವಾರಕ್ಕೊಮ್ಮೆಯಾದರೂ ಎಡೆಬಿಡದೆ ಅರ್ಧ ಗಂಟೆಗೂ ಮಿಕ್ಕಿ ಒಳ್ಳೆಯ ವೇಗದಲ್ಲಿ ಓಡುವುದಿದ್ದರೆ ವರ್ಷಕ್ಕೊಮ್ಮೆ. ಓಡೋಮೀಟರಿನಲ್ಲಿ 2,000 ಆಗಿರಲಿ 4,000 ಆಗಿರಲಿ, ವರ್ಷ ದಾಟಿಸಬೇಡಿ. ಪ್ರತಿ ಬಾರಿಯೂ ಫಿಲ್ಟರ್ ಹೊಸದಿರಲಿ. ಹಳೆಯ ಫಿಲ್ಟರಿನಲ್ಲಿ ನಿಂತ ಕೊಳಕು ಆಯಿಲ್ಲನ್ನು ಹೊಸದರೊಂದಿಗೆ ಬೆರೆಸುವುದರಲ್ಲಿ ಅರ್ಥವಿಲ್ಲ.

ವಾರದ ಆ ದೀರ್ಘ ಓಟವನ್ನು ಹಗುರವಾಗಿ ಕಾಣಬೇಡಿ. ಕೆಲವು ವರ್ಷಗಳ ಹಿಂದೆ ನಾನೂ ಒಂದು ಇಡೀ ಚಳಿಗಾಲ ಮೂರು ಕಿಲೋಮೀಟರಿನ ಓಡಾಟದಲ್ಲೇ ಕಳೆದಿದ್ದೆ. ಒಂದು ದಿನ ಆಯಿಲ್ ಮಟ್ಟ ನೋಡುವ ಕಡ್ಡಿಯನ್ನು (ಡಿಪ್‌ಸ್ಟಿಕ್) ಹೊರಗೆಳೆದು ಬಟ್ಟೆಯಿಂದ ಒರೆಸಿ ಮತ್ತೆ ಅದ್ದಿ ನೋಡಿದರೆ, ಆಯಿಲ್ ಮೇಲಿನ ಗುರುತನ್ನು ದಾಟಿ ಕಿರುಬೆರಳಿನ ಅರ್ಧ ಅಗಲದಷ್ಟು ಏರಿತ್ತು. ನಾನು ಹೊಸದಾಗಿ ಹನಿ ಆಯಿಲ್ ಹಾಕಿರಲಿಲ್ಲ. ಮೂಗಿನ ಹತ್ತಿರ ಹಿಡಿದಾಗ ಪೆಟ್ರೋಲಿನ ವಾಸನೆ ಸ್ಪಷ್ಟವಾಗಿತ್ತು. ಆ ವಾರವೇ ಆಯಿಲ್ ಬದಲಿಸಿದೆ. ಆಯಿಲ್ ಕಡಿಮೆಯಾದರೆ ಎಲ್ಲರೂ ಗಾಬರಿಯಾಗುತ್ತಾರೆ, ಹೆಚ್ಚಾದರೆ ಖುಷಿಪಡುತ್ತಾರೆ. ಹೆಚ್ಚಾದದ್ದು ಆಯಿಲ್ ಅಲ್ಲ ಎಂಬುದು ಹೊಳೆಯುವುದಿಲ್ಲ. ತಿಂಗಳಿಗೊಮ್ಮೆ ಸಮತಟ್ಟಾದ ಜಾಗದಲ್ಲಿ, ಎಂಜಿನ್ ನಿಲ್ಲಿಸಿ ಆಯಿಲ್ ಕೆಳಗಿಳಿಯುವಷ್ಟು ಹೊತ್ತು ಕಾದು, ಹೀಗೆ ನೋಡುವುದು ಒಳ್ಳೆಯದು. ಬಣ್ಣದಿಂದ ಮಾತ್ರ ತೀರ್ಪು ಕೊಡಬೇಡಿ. ಕಪ್ಪಾದ ಆಯಿಲ್ ಕೊಳೆಯನ್ನು ತನ್ನಲ್ಲಿ ಹಿಡಿದಿಟ್ಟುಕೊಂಡು ತನ್ನ ಕೆಲಸ ಮಾಡುತ್ತಿರಬಹುದು, ಜೇನುಬಣ್ಣದ ಆಯಿಲ್‌ನಲ್ಲಿ ಪೆಟ್ರೋಲ್ ತುಂಬಿರಬಹುದು.

ಇಷ್ಟಾದರೂ ಆರು ತಿಂಗಳು ತೀರಾ ಬೇಗವಾಯಿತೆಂದು ನಿಮಗೆ ಅನ್ನಿಸಿದರೆ, ಬಳಸಿದ ಆಯಿಲ್‌ನ ಮಾದರಿಯನ್ನು ಪರೀಕ್ಷಿಸಿಕೊಡುವ ಪ್ರಯೋಗಾಲಯಗಳಿವೆ. ಅದರಲ್ಲಿ ಪೆಟ್ರೋಲ್ ಎಷ್ಟು ಸೇರಿದೆ, ನೀರು ಎಷ್ಟು, ಕ್ಷಾರದ ಸಂಗ್ರಹ ಎಷ್ಟು ಉಳಿದಿದೆ, ಕಬ್ಬಿಣದ ಸವೆತದ ಕಣಗಳೆಷ್ಟು ಎಂಬುದನ್ನು ಅವು ಅಳೆದು ಹೇಳುತ್ತವೆ. ಆಯಿಲ್‌ಗೆ ಆರು ತಿಂಗಳಾದಾಗ ಒಮ್ಮೆ, ವರ್ಷ ತುಂಬಿದಾಗ ಇನ್ನೊಮ್ಮೆ ಮಾಡಿಸಿ ಹೋಲಿಸಿದರೆ ನನ್ನ ಮಾತೂ ಮೆಕ್ಯಾನಿಕ್ಕರ ಮಾತೂ ಬೇಕಾಗುವುದಿಲ್ಲ. ಕಾರಿಗೆ ಇನ್ನೂ ವಾರಂಟಿ ಇದ್ದರೆ ಮಾತ್ರ ಕೈಪಿಡಿಯ ಅವಧಿಯನ್ನು ಮೀರಬೇಡಿ, ರಸೀದಿಗಳನ್ನು ಜೋಪಾನವಾಗಿಡಿ.

ಪ್ರಶ್ನೆ: ಆಯಿಲ್ ತುಂಬುವ ಮುಚ್ಚಳ ತೆಗೆದಾಗ ಒಳಬದಿಯಲ್ಲಿ ತಿಳಿಹಳದಿ ಕೆನೆಯಂಥದ್ದು ಅಂಟಿಕೊಂಡಿತ್ತು. ಹೆಡ್ ಗ್ಯಾಸ್ಕೆಟ್ ಹೋಗಿದೆ, ಎಂಜಿನ್ ಇಳಿಸಬೇಕು ಎಂದು ಒಬ್ಬರು ಹೆದರಿಸಿದ್ದಾರೆ. ನನ್ನ ಓಡಾಟ ದಿನಕ್ಕೆ ಆರು ಕಿಲೋಮೀಟರ್.

ಉತ್ತರ: ಎಂಜಿನ್‌ಗೆ ಕೈ ಹಾಕಿಸುವ ಮುನ್ನ ಒಂದು ಸಣ್ಣ ಪರೀಕ್ಷೆ ಮಾಡಿ. ಹೆಡ್ ಗ್ಯಾಸ್ಕೆಟ್ ಎಂದರೆ ಎಂಜಿನ್ನಿನ ತಲೆಗೂ ಒಡಲಿಗೂ ನಡುವಿನ ಬಿಗಿಪಟ್ಟಿ, ಅದು ಕೆಟ್ಟರೆ ಕೂಲೆಂಟ್ ಆಯಿಲ್‌ಗೆ ಸೇರಬಹುದು. ಆ ಕೆನೆ ಆಯಿಲ್ ಮತ್ತು ನೀರು ಕಡೆದುಕೊಂಡು ಆದದ್ದು. ಮುಚ್ಚಳವು ಎಂಜಿನ್ನಿನ ಅತಿ ತಣ್ಣಗಿನ ಮೂಲೆಗಳಲ್ಲಿ ಒಂದಾದ್ದರಿಂದ ಆವಿ ಮೊದಲು ಹನಿಗಟ್ಟುವುದು ಅಲ್ಲಿಯೇ, ಹಾಗಾಗಿ ಚಿಕ್ಕ ಓಡಾಟದ ಕಾರುಗಳಲ್ಲಿ, ಅದರಲ್ಲೂ ಚಳಿಯ ತಿಂಗಳುಗಳಲ್ಲಿ, ಇದು ಸಾಮಾನ್ಯ. ಅದನ್ನು ಒರೆಸಿ ತೆಗೆದು, ಒಂದು ಗಂಟೆ ಹೆದ್ದಾರಿಯಲ್ಲಿ ಓಡಿಸಿ ಬನ್ನಿ. ಮತ್ತೆ ಕಾಣಿಸದಿದ್ದರೆ, ಡಿಪ್‌ಸ್ಟಿಕ್ಕಿನ ಆಯಿಲ್ ತಿಳಿಯಾಗಿದ್ದರೆ, ಕೂಲೆಂಟಿನ ಮಟ್ಟ ಇದ್ದಲ್ಲೇ ಇದ್ದರೆ, ಅದು ಚಿಕ್ಕ ಓಟದ ನೀರಷ್ಟೇ. ಡಿಪ್‌ಸ್ಟಿಕ್ಕಿನಲ್ಲಿರುವ ಆಯಿಲ್ಲೂ ಹಾಲುಹಾಲಾಗಿದ್ದರೆ, ಕೂಲೆಂಟ್ ಕಾರಣವಿಲ್ಲದೆ ಇಳಿಯುತ್ತಿದ್ದರೆ ಅಥವಾ ಎಂಜಿನ್ ಅತಿಯಾಗಿ ಬಿಸಿಯಾಗುತ್ತಿದ್ದರೆ ಗ್ಯಾಸ್ಕೆಟ್ಟಿನ ಸಂಶಯಕ್ಕೆ ಆಧಾರವಿದೆ. ಆಗ ಕಾರನ್ನು ಓಡಿಸದೆ ಒತ್ತಡದ ಪರೀಕ್ಷೆ ಮಾಡಿಸಿ.

ಪ್ರಶ್ನೆ: ಹೊರಡುವ ಮೊದಲು ಹತ್ತು ನಿಮಿಷ ಎಂಜಿನ್ ಚಾಲೂ ಇಟ್ಟು ಬಿಸಿ ಮಾಡಿದರೆ ಈ ತೊಂದರೆ ತಪ್ಪುವುದಿಲ್ಲವೇ?

ಉತ್ತರ: ತಪ್ಪುವುದಿಲ್ಲ, ಹೆಚ್ಚುತ್ತದೆ. ನಿಂತಲ್ಲೇ ಗುರುಗುಡುವ ಎಂಜಿನ್ ಬಹಳ ನಿಧಾನವಾಗಿ ಬಿಸಿಯಾಗುತ್ತದೆ, ಅಷ್ಟೂ ಹೊತ್ತು ಹೆಚ್ಚುವರಿ ಪೆಟ್ರೋಲ್ ಕುಡಿಯುತ್ತಿರುತ್ತದೆ. ಸ್ಟಾರ್ಟ್ ಮಾಡಿ ಅರ್ಧ ನಿಮಿಷಕ್ಕೆ ಹೊರಟು, ಮೊದಲ ಕೆಲವು ಕಿಲೋಮೀಟರ್ ಆಕ್ಸಿಲರೇಟರನ್ನು ಹೆಚ್ಚು ಒತ್ತದೆ ಓಡಿಸುವುದೇ ಬೇಗ ಬಿಸಿಯಾಗುವ ದಾರಿ. ಎರಡು ಮೂರು ಕೆಲಸಗಳನ್ನು ಒಂದೇ ಸುತ್ತಿನಲ್ಲಿ ಮುಗಿಸಿಕೊಂಡರೆ ತಣ್ಣಗಿನ ಸ್ಟಾರ್ಟ್‌ಗಳೂ ಕಡಿಮೆಯಾಗುತ್ತವೆ.

ಪ್ರಶ್ನೆ: ನನ್ನದು ಡೀಸೆಲ್ ಕಾರು, ಡಿಪಿಎಫ್ ಇದೆ. ಊರೊಳಗಿನ ಓಡಾಟವೇ ಹೆಚ್ಚು. ಆಯಿಲ್ ಮಟ್ಟ ಏರುತ್ತಾ ಇದೆ.

ಉತ್ತರ: ನಿಮ್ಮದು ಮೇಲಿನವರಿಗಿಂತ ಗಂಭೀರವಾದ ಸ್ಥಿತಿ. ಡಿಪಿಎಫ್ ಎಂಬ ಜಾಲರಿ ಹೊಗೆಯ ಮಸಿಯನ್ನು ಹಿಡಿದಿಡುತ್ತದೆ. ಅದು ತುಂಬಿದಾಗ ಸುಮಾರು 600 ಡಿಗ್ರಿ ಶಾಖ ಹುಟ್ಟಿಸಿ ಮಸಿಯನ್ನು ಸುಡಬೇಕು. ಆ ಶಾಖಕ್ಕಾಗಿ ಹಲವು ಎಂಜಿನ್ನುಗಳು ತಡವಾಗಿ, ಪಿಸ್ಟನ್ ಕೆಳಗಿಳಿಯುತ್ತಿರುವಾಗ, ಇನ್ನಷ್ಟು ಡೀಸೆಲ್ ಚಿಮ್ಮಿಸುತ್ತವೆ, ಅದರಲ್ಲಿ ಒಂದು ಪಾಲು ಗೋಡೆಗೆ ಹತ್ತಿ ಆಯಿಲ್‌ಗೆ ಸೇರುತ್ತದೆ. ಸುಡುವ ಕೆಲಸ ಮುಗಿಯುವ ಮೊದಲೇ ನೀವು ಕಾರು ನಿಲ್ಲಿಸಿದರೆ ಮುಂದಿನ ಬಾರಿ ಅದು ಮತ್ತೆ ಮೊದಲಿನಿಂದ ಶುರು. ಡೀಸೆಲ್ ಪೆಟ್ರೋಲಿನಷ್ಟು ಸುಲಭವಾಗಿ ಆವಿಯಾಗುವುದೂ ಇಲ್ಲ, ಆದ್ದರಿಂದ ಒಂದು ದೂರದ ಓಟದಿಂದ ಅದು ಹೋಗಿಬಿಡುತ್ತದೆ ಎಂದು ಕಾಯಬೇಡಿ. ಮಟ್ಟ ಮೇಲಿನ ಗುರುತನ್ನು ದಾಟಿದ್ದರೆ ತಡಮಾಡದೆ ಆಯಿಲ್ ಬದಲಿಸಿ. ಡಿಪಿಎಫ್‌ಗೆ ಹೊಂದುವ, ಕಡಿಮೆ ಬೂದಿ ಬಿಡುವ ಆಯಿಲ್ಲನ್ನೇ ಹಾಕಿಸಿ.

ಪ್ರಶ್ನೆ: ಡ್ಯಾಶ್‌ಬೋರ್ಡಿನಲ್ಲಿ "ಆಯಿಲ್ ಲೈಫ್ 60%" ಎಂದು ತೋರಿಸುತ್ತದೆ. ಅದನ್ನು ನಂಬಬಹುದೇ?

ಉತ್ತರ: ಬಹುಮಟ್ಟಿಗೆ ನಂಬಬಹುದು, ಕಿಲೋಮೀಟರ್ ಲೆಕ್ಕಕ್ಕಿಂತಲಂತೂ ಅದು ಮೇಲು. ಹೆಚ್ಚಿನ ಕಾರುಗಳಲ್ಲಿ ಆ ಸಂಖ್ಯೆ ಆಯಿಲ್ಲನ್ನು ಮುಟ್ಟಿ ನೋಡಿ ಹೇಳಿದ್ದಲ್ಲ. ಎಂಜಿನ್ ಎಷ್ಟು ಸುತ್ತು ತಿರುಗಿತು, ಎಷ್ಟು ಬಿಸಿಯಲ್ಲಿ ಓಡಿತು, ಎಷ್ಟು ತಣ್ಣಗಿನ ಸ್ಟಾರ್ಟ್‌ಗಳಾದವು ಎಂಬುದನ್ನು ಕೂಡಿಸಿ ಕಳೆದು ಕಂಪ್ಯೂಟರ್ ಮಾಡಿದ ಅಂದಾಜು. ಹಾಗಾಗಿ ಚಿಕ್ಕ ಓಡಾಟದವರಿಗೆ ಅದು ತಾನಾಗಿಯೇ ಬೇಗ ಇಳಿಯುತ್ತದೆ. ಸಂಪಿನಲ್ಲಿ ಆಯಿಲ್ ಎಷ್ಟಿದೆ ಎಂಬುದು ಆ ಅಂದಾಜಿನಲ್ಲಿ ಸೇರಿರುವುದಿಲ್ಲ, ಡಿಪ್‌ಸ್ಟಿಕ್ ನೋಡುವ ಕೆಲಸ ನಿಮಗೆ ತಪ್ಪದು. ಆಯಿಲ್ ಬದಲಿಸಿದ ದಿನ ಆ ಸಂಖ್ಯೆಯನ್ನು ರೀಸೆಟ್ ಮಾಡಿದ್ದಾರೆಯೇ ಎಂದು ಗ್ಯಾರೇಜಿನಿಂದ ಹೊರಡುವ ಮೊದಲೇ ನೋಡಿಕೊಳ್ಳಿ. ಮರೆತಿದ್ದರೆ ಅದು ಇನ್ನೂ ಹಳೆಯ ಆಯಿಲ್‌ನ ಲೆಕ್ಕವನ್ನೇ ಮುಂದುವರಿಸುತ್ತಿರುತ್ತದೆ.